ಹೋಗಿ ವಾಪಸು ಬರುವ ಪದಗಳು

ನಮ್ಮ ಭಾವ ಬರೆದ ವಾಕ್ಯವನ್ನು ಒಂದೇ ಸಲ ಓದಿ ಅರ್ಥ ಮಾಡಿಕೊಂಡವರು ಈ ಊರಿನಲ್ಲಿ ಒಬ್ಬರೇ, ಅದು ನಮ್ಮ ಅಕ್ಕ. ಬೇರೆ ಯಾರೂ ಗಂಟುಬೀಳುವ ಹಾಗಿರಲಿಲ್ಲವಾದ್ದರಿಂದ ಅವಳನ್ನೇ ಕಟ್ಟಿಕೊಂಡರು ಎಂದು ನಾನು ಅವರ ಎದುರಿಗೇ ಛೇಡಿಸುತ್ತಿದ್ದೆ. ಭಾವ ನಕ್ಕು, "ನಿನ್ನ ವಿಶ್ಲೇಷಣೆ ಯಥಾರ್ಥ" ಎನ್ನುತ್ತಿದ್ದರು. ಈಗ ನಾನು ಆ ಮಾತು ಎತ್ತುವುದಿಲ್ಲ.

ಭಾವನ ಕಸುಬು ಅನುವಾದ. ಕಥೆ ಕಾದಂಬರಿಯದಲ್ಲ. ಔಷಧದ ಡಬ್ಬಿಯೊಳಗೆ ಸಣ್ಣದಾಗಿ ಮಡಚಿಟ್ಟಿರುವ ಕಾಗದ, ಶಸ್ತ್ರಚಿಕಿತ್ಸೆಗೆ ಮುಂಚೆ ರುಜು ಹಾಕಿಸಿಕೊಳ್ಳುವ ಒಪ್ಪಿಗೆಪತ್ರ, ರೋಗಿಗಳಿಗೆ ಕೇಳುವ ಪ್ರಶ್ನೆಗಳು, ಇಂಥವು. ಹೊರಗಿನ ದೊಡ್ಡ ಭಾಷೆಯಲ್ಲಿ ಹುಟ್ಟಿದ ಈ ಕಾಗದಗಳು ಒಂದು ಕಂಪನಿಯ ಮೂಲಕ ಅವರ ಮೇಜಿಗೆ ಬಂದು ಬೀಳುತ್ತಿದ್ದವು, ಅವರು ನಮ್ಮ ಮಾತಿಗೆ ತಂದು ಕಳಿಸುತ್ತಿದ್ದರು. ಬೀದಿಯವರು ಅವರಿಗೆ ನಿಘಂಟು ಎಂದು ಹೆಸರಿಟ್ಟಿದ್ದರು. ಒಮ್ಮೆ ತರಕಾರಿಯವನಿಗೆ "ಈ ಟೊಮೇಟೊ ಅತಿಪಕ್ವವಾಗಿದೆ" ಎಂದರಂತೆ. ಹೊಗಳಿದರು ಎಂದುಕೊಂಡು ಅವನು ಅದೇ ಕೊಳೆತ ಬುಟ್ಟಿಯಿಂದ ಇನ್ನೆರಡು ಕೊಸರು ಹಾಕಿದ. ಭಾವ ಅದನ್ನೂ ತೆಗೆದುಕೊಂಡು ಬಂದರು.

ನಾನು ದಂತವೈದ್ಯರೊಬ್ಬರ ಬಳಿ ಚೀಟಿ ಕೊಡುವ ಕೆಲಸದಲ್ಲಿದ್ದೇನೆ. ಬಾಯಿ ಸ್ವಲ್ಪ ಜೋರು ಎಂದು ಒಳಗೂ ಹೊರಗೂ ಹೆಸರಿದೆ. ಅಕ್ಕನ ಮನೆಯ ಮಾಳಿಗೆಯ ಕೋಣೆಯಲ್ಲೇ ಇರುವುದರಿಂದ ಅವರ ಸಂಸಾರದ ಸದ್ದೆಲ್ಲ ನನ್ನ ಕಿವಿಗೆ ಬಿದ್ದೇ ಮುಂದೆ ಹೋಗಬೇಕು.

ಆ ಕಂಪನಿಯಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಕಾಗದವನ್ನು ನಮ್ಮ ಮಾತಿಗೆ ತರುತ್ತಾರೆ. ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ತಿರುಗಿ ಆ ಭಾಷೆಗೆ ಒಯ್ಯುತ್ತಾರೆ. ಹೀಗೆ ಹೋಗಿ ವಾಪಸು ಬಂದದ್ದನ್ನು ಮೂಲದ ಪಕ್ಕ ಇಟ್ಟು ನೋಡುತ್ತಾರೆ. ಎರಡೂ ಒಂದೇ ಆಗಿದ್ದರೆ ಪಾಸು, ಬೇರೆ ಬೇರೆ ಆಗಿದ್ದರೆ ಕೆಂಪು ಗೆರೆ. ಮೊದಲನೆಯವರಿಗೂ ಎರಡನೆಯವರಿಗೂ ಪರಿಚಯ ಇರಕೂಡದು ಎಂಬುದು ಕಟ್ಟುನಿಟ್ಟಿನ ನಿಯಮ.

ಭಾವ ಹುಟ್ಟುವಾಗಲೇ ನಿಘಂಟು ಆಗಿರಲಿಲ್ಲ. ಶುರುವಿನಲ್ಲಿ ಅವರೂ ನಾವಾಡುವ ಮಾತನ್ನೇ ಬರೆಯುತ್ತಿದ್ದರಂತೆ. ಹೊಟ್ಟೆ ತೊಳಸುತ್ತದೆ, ಕೈಕಾಲು ಸೆಳೆಯುತ್ತದೆ, ಮೈ ಕಾವೇರುತ್ತದೆ ಎಂದೆಲ್ಲ. ಅವು ವಾಪಸು ಬರುವಾಗ ಒಂದೊಂದು ಸಲ ಒಂದೊಂದು ವೇಷ ಹಾಕಿಕೊಂಡು ಬರುತ್ತಿದ್ದವು. ಹಾಳೆಯ ತುಂಬ ಕೆಂಪು ಗೆರೆ. ಜನ ದಿನಾ ಆಡುವ ಮಾತಿಗೆ ಮೈತುಂಬ ಅರ್ಥ, ಯಾವುದನ್ನು ಹಿಡಿದರೂ ಇನ್ನೊಂದು ನುಸುಳುತ್ತದೆ. ಯಾರೂ ಆಡದ ಮಾತಿಗೆ ಆ ತಾಪತ್ರಯವಿಲ್ಲ. ಹೊಸದಾಗಿ ಕಟ್ಟಿದ ಪದಕ್ಕೆ ಕಟ್ಟಿದವನು ಕೊಟ್ಟ ಅರ್ಥ ಒಂದೇ, ಅದು ಹೇಗೆ ಹೋಯಿತೋ ಹಾಗೇ ವಾಪಸು ಬರುತ್ತದೆ. ಇದು ತಿಳಿದ ಮೇಲೆ ಭಾವ ಪದ ಕಟ್ಟತೊಡಗಿದರು. ಹೊಟ್ಟೆಪಾಡಿಗೆ ಕಲಿತದ್ದು ಆಮೇಲೆ ನಾಲಿಗೆಗೂ ಹತ್ತಿಕೊಂಡಿತು.

ಆ ಕಾಲದಲ್ಲೇ ಯಾರೋ ಒಬ್ಬರು ಅವರ ಕಾಗದಗಳನ್ನು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ವಾಪಸು ಒಯ್ಯಲು ಶುರುಮಾಡಿದರು. ಯಾರೆಂದು ಕೇಳಿದರೆ ಕಂಪನಿಯವರು ಹೇಳುತ್ತಿರಲಿಲ್ಲ. ಭಾವ ಏನು ಮಾಡಿದರು ಗೊತ್ತೇ, ಕಾಗದ ಕೊಡುವ ದಿನ ಆಫೀಸಿನ ಮೆಟ್ಟಿಲ ಬಳಿ ಹೋಗಿ ನಿಂತರು. ಆಗ ಹೋಟೆಲೊಂದರ ಸ್ವಾಗತದ ಮೇಜಿನಲ್ಲಿ ಕೂತು ಹೊರಗಿನವರ ಜೊತೆ ಆ ಭಾಷೆ ಮಾತಾಡಿ ಮಾತಾಡಿ ಕಲಿತಿದ್ದ ನಮ್ಮ ಅಕ್ಕ ಲಕೋಟೆ ಹಿಡಿದು ಬಂದಳು.

"ಪಿತ್ತಕೋಶದ ಕಾಗದ ವಾಪಸು ಮಾಡಿದ್ದು ನೀವೇನಾ?" ಎಂದು ಇವರು ಕೇಳಿದರಂತೆ.

"ಅಯ್ಯೋ, ಆ ಪಿತ್ತಕೋಶ ನಿಮ್ದಾ!" ಎಂದಳಂತೆ ಅವಳು.

ಹೀಗೆ ಶುರುವಾದ ಪ್ರೀತಿ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಾರದು. ಮದುವೆಯಾದ ಮೇಲೆ ಕಂಪನಿಗೆ ತಿಳಿಸಬೇಕಿತ್ತು, ಇಬ್ಬರಲ್ಲಿ ಒಬ್ಬರು ಬಿಡಬೇಕಾಗುತ್ತದೆಂದು ತಿಳಿಸಲಿಲ್ಲ. ಅಕ್ಕ ತವರಿನ ಹೆಸರಿನಲ್ಲೇ ರುಜು ಹಾಕುತ್ತಾ ಬಂದಳು. ಆದರೆ ಮೋಸ ಮಾಡಿದರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬರು ಮುಂದಿನ ಕೋಣೆ, ಒಬ್ಬರು ಹಿಂದಿನ ಕೋಣೆ. ಕೆಲಸದ ವಿಷಯ ಊಟಕ್ಕೆ ಕೂತಾಗಲೂ ಬಾಯಿಬಿಡುತ್ತಿರಲಿಲ್ಲ. ಅಕ್ಕನಿಗೆ ಪದ ತಿಳಿಯದಿದ್ದರೆ ಕಟ್ಟಿದ ಮಾರಾಯರೇ ಗೋಡೆಯಾಚೆ ಕೂತಿದ್ದರೂ ಕೇಳುತ್ತಿರಲಿಲ್ಲ. ಅಷ್ಟು ನಿಯತ್ತು. ಆ ನಿಯತ್ತೇ ಇಬ್ಬರ ಕಣ್ಣಿಗೂ ಮಣ್ಣೆರಚಿತು ಎಂದು ನನಗೆ ಈಗ ಅನ್ನಿಸುತ್ತದೆ. ಒಂದೇ ತಟ್ಟೆಯ ಉಪ್ಪುಖಾರ ತಿಂದು, ಒಂದೇ ಜ್ವರಕ್ಕೆ ಕಾದು, ಒಬ್ಬರ ನಿಟ್ಟುಸಿರಿನ ಅರ್ಥ ಇನ್ನೊಬ್ಬರಿಗೆ ಗೊತ್ತಾಗುವಷ್ಟು ಕಾಲ ಕಳೆದ ಮೇಲೆ, ಬಾಯಿಬಿಟ್ಟು ಕೇಳಲಿಲ್ಲ ಎಂಬುದಕ್ಕೆ ಏನು ಬೆಲೆ? ಭಾವನ ಹೆಸರು ಏರುತ್ತಾ ಹೋಯಿತು. ಎಂಥ ಕಾಗದ ಕೊಟ್ಟರೂ ಚೊಕ್ಕವಾಗಿ ವಾಪಸು ಬರುವುದು ಅವರದೊಂದೇ.

ಇನ್ನು ಮರಿಯ ವಿಷಯ. ಮರಿ ಎಂದರೆ ಭಾವನ ತಮ್ಮ. ನಲವತ್ತು ದಾಟಿದ, ಹೊಟ್ಟೆ ಬಂದ, ಬಸ್ಸು ಓಡಿಸುವ ಮರಿ. ತಾಯಿ ಹೋದಾಗ ಅವನಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಭಾವನೇ ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ಅಟ್ಟಿ ದೊಡ್ಡವನನ್ನಾಗಿ ಮಾಡಿದರು. ಅವನು ಮದುವೆಯಾಗದೆ ಉಳಿದ, ಡಿಪೋ ಪಕ್ಕದಲ್ಲೊಂದು ಕೋಣೆ ಮಾಡಿಕೊಂಡಿದ್ದ, ರಜೆಯ ದಿನ ಊಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದ.

ಅವನದು ಬೆಳಗಿನ ಮೊದಲ ಬಸ್ಸು. ಕೆಲವರ ಮೈಗೆ ಆ ಹೊತ್ತು ಒಗ್ಗುತ್ತದೆ, ಕೋಳಿಗಿಂತ ಮೊದಲು ಎದ್ದು ಲವಲವಿಕೆಯಿಂದ ಓಡಾಡುತ್ತಾರೆ. ಮರಿಯ ಮೈ ಎಷ್ಟು ವರ್ಷವಾದರೂ ಒಗ್ಗಲಿಲ್ಲ. ಸಂಜೆಯಾದ ಮೇಲೆ ಚುರುಕಾಗುವ ಜೀವ ಅದು, ಬೇಗ ಮಲಗಿದರೆ ಕಣ್ಣು ಹತ್ತುತ್ತಿರಲಿಲ್ಲ, ಹತ್ತುವ ಹೊತ್ತಿಗೆ ಏಳಬೇಕಾಗುತ್ತಿತ್ತು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎನ್ನುತ್ತಾರಲ್ಲ, ಮರಿಗೆ ಜಾಗವೂ ಬೇಕಿರಲಿಲ್ಲ. ಊಟದ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಗೊರಕೆ. ಕ್ಷೌರದ ಕುರ್ಚಿಯಲ್ಲಿ ಒಮ್ಮೆ ವಾಲಿ ಕಿವಿ ಕುಯ್ಯಿಸಿಕೊಂಡು ಬಂದಿದ್ದ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಾವೆಲ್ಲ ನಗುತ್ತಿದ್ದೆವು. ಒಂದು ದಿನ ಅವನು ಅಕ್ಕನಿಗೆ ಮೆಲ್ಲಗೆ ಹೇಳಿದ: "ಅತ್ತಿಗೆ, ನಿನ್ನೆ ಸೇತುವೆ ಮೇಲೆ ಬಂದಾಗ ಎಚ್ಚರ ಆಯ್ತು. ಮಾರ್ಕೆಟ್ ಬೀದಿ ಯಾವಾಗ ದಾಟಿದೆ ಅಂತಲೇ ಗೊತ್ತಿಲ್ಲ. ಬಸ್ ತುಂಬ ಜನ ಇದ್ರು." ಆಮೇಲೆ ನಾವು ಯಾರೂ ನಗಲಿಲ್ಲ.

ಪಾಳಿ ಬದಲಿಸಿಕೊಡಿ ಎಂದು ಕೇಳುವ ಹಾಗಿರಲಿಲ್ಲ. ನಿದ್ದೆ ತಡೆಯಲಾಗುವುದಿಲ್ಲ ಎಂದು ತಾವಾಗಿ ಹೇಳಿಕೊಂಡ ಚಾಲಕರನ್ನು ಸಾರಿಗೆ ಮಂಡಳಿಯವರು ಅನರ್ಹ ಎಂದು ಬರೆದು ಮನೆಗೆ ಕಳಿಸುತ್ತಿದ್ದರು. ಅಷ್ಟರಲ್ಲಿ ಹೊಸ ನಿಯಮ ಬಂತು. ಹೊರದೇಶದ ವೈದ್ಯರು ಮಾಡಿದ ಒಂದು ಪ್ರಶ್ನಾವಳಿಯನ್ನು ಎಲ್ಲ ಚಾಲಕರಿಗೂ ಕೊಡುವುದು, ಅದರಲ್ಲಿ ಯಾರ ನಿದ್ದೆ ಕೆಟ್ಟಿದೆ ಎಂದು ಕಾಣುತ್ತದೋ ಅವರನ್ನು ಹಗಲಿನ ಪಾಳಿಗೆ ಹಾಕುವುದು. ಅಂಥವರ ಕೆಲಸ ಕಿತ್ತುಕೊಳ್ಳುವಂತಿಲ್ಲ. ಮರಿಗೆ ಇದ್ದ ದಾರಿ ಅದೊಂದೇ. ಪ್ರಶ್ನಾವಳಿಯನ್ನು ನಮ್ಮ ಮಾತಿಗೆ ತರುವ ಕೆಲಸ ಬಂದು ಬಿದ್ದದ್ದು ಭಾವನ ಮೇಜಿಗೆ.

"ಇದು ಸರಿಯಾಗಿ ಆದ್ರೆ ಮರಿ ಬಚಾವು" ಎಂದು ಭಾವ ಅಂದೇ ನನಗೆ ಹೇಳಿದರು. ಅಕ್ಕನಿಗೆ ಹೇಳಲಿಲ್ಲ, ನಿಯತ್ತು ನೋಡಿ.

ಅವರು ಅಷ್ಟು ಒದ್ದಾಡಿದ್ದನ್ನು ನಾನು ಬೇರೆ ಯಾವ ಕಾಗದಕ್ಕೂ ನೋಡಿಲ್ಲ. ಮೂಲದಲ್ಲಿ ದಣಿವಿಗೆ ಒಂದು ಪದ, ಹಗಲು ನಿದ್ದೆ ಎಳೆಯುವುದಕ್ಕೆ ಒಂದು, ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗುವ ನಿದ್ದೆಗೆ ಇನ್ನೊಂದು, ಎದ್ದ ಮೇಲೂ ಬಿಡದ ಭಾರಕ್ಕೆ ಮತ್ತೊಂದು. ನಮ್ಮಲ್ಲೇನು ಪದಕ್ಕೆ ಬರವೇ? ತೂಕಡಿಕೆ, ಜೊಂಪು, ಮಂಪರು, ಕೋಳಿನಿದ್ದೆ. ಆದರೆ ಮಂಪರು ಕುಡಿದವನಿಗೂ ಬರುತ್ತದೆ, ಜೊಂಪು ಜ್ವರದ ಮಗುವಿಗೂ ಹತ್ತುತ್ತದೆ. ನನ್ನನ್ನು ಮಾಳಿಗೆಯಿಂದ ಕರೆದು ಕೂರಿಸಿಕೊಂಡು, "ನೋಡು, ಅವರಲ್ಲಿ ಮನುಷ್ಯ ನಿದ್ದೆಯೊಳಗೆ ಬೀಳ್ತಾನೆ. ನಮ್ಮಲ್ಲಿ ನಿದ್ದೆನೇ ಬರುತ್ತೆ, ಹತ್ತುತ್ತೆ, ಹಾರುತ್ತೆ, ಕೆಡುತ್ತೆ. ನಾವು ಸುಮ್ನೆ ಕೂತಿರ್ತೀವಿ" ಎಂದರು. ಮೈಯೊಳಗೆ ತಾನಾಗಿ ನಡೆಯುವ ಹೊತ್ತಿನ ಲೆಕ್ಕಕ್ಕೆ ಏನೆನ್ನಬೇಕೆಂದು ಒಂದು ವಾರವಿಡೀ ಯೋಚಿಸಿದರು. "ಮೈ ಗಡಿಯಾರ ಅನ್ನಿ" ಎಂದೆ ನಾನು. "ವಾಪಸು ಬರುವಾಗ ಕೈಗಡಿಯಾರ ಆಗಿಬಿಟ್ರೆ?" ಎಂದರು. ಕೆಂಪು ಗೆರೆ ಬಿದ್ದರೆ ಪ್ರಶ್ನಾವಳಿ ತಡವಾಗುತ್ತದೆ, ತಡವಾದರೆ ಮರಿ ಅಷ್ಟು ದಿನ ಹೆಚ್ಚಿಗೆ ಮೊದಲ ಬಸ್ಸು ಓಡಿಸಬೇಕು. ಆ ಹೆದರಿಕೆಯಲ್ಲಿ ಎಂದಿಗಿಂತ ಗಟ್ಟಿಯಾದ ಪದಗಳನ್ನೇ ಕಟ್ಟಿದರು. ದಿವಾನಿದ್ರಾಪ್ರವಣತೆ. ಕ್ಷಣಿಕ ನಿದ್ರಾಪಾತ. ಜಾಗರಣೋತ್ತರ ಜಡತ್ವ. ಶರೀರಲಯ ವ್ಯತ್ಯಯ. ಮುಂದಿನವರಿಗೆ ಗೊಂದಲವಾಗದಿರಲಿ ಎಂದು ಒಂದೊಂದರ ಮುಂದೆಯೂ ಆ ಭಾಷೆಯ ಪದವನ್ನು ಬರೆದು ಒಂದು ಪದಕೋಶವನ್ನೂ ಮಾಡಿಕೊಟ್ಟರು. ಕಂಪನಿಯವರು ಅದನ್ನು ಅಚ್ಚು ಹಾಕಿಸಿ ತಮ್ಮ ಅನುವಾದಕರಿಗೆಲ್ಲ ಹಂಚಿದರು.

ಆ ಪದಕೋಶ ಅಚ್ಚಾಗಿ ಬರುವ ಮೊದಲೇ ಹಿಂದಿನ ಕೋಣೆಯಲ್ಲಿ ಅಕ್ಕ ಪ್ರಶ್ನಾವಳಿಯನ್ನು ವಾಪಸು ಒಯ್ದಿದ್ದಳು. ಮೂಲಕ್ಕೂ ಅದಕ್ಕೂ ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ. ಸಾಮಾನ್ಯವಾಗಿ ಅಚ್ಚಿಗೆ ಕೊಡುವ ಮುಂಚೆ ನಾಲ್ಕಾರು ಜನ ಚಾಲಕರನ್ನು ಕೂರಿಸಿ ಓದಿಸಿ ನೋಡಬೇಕಂತೆ. ಇಷ್ಟು ಶುದ್ಧವಾಗಿ ವಾಪಸು ಬಂದದ್ದಕ್ಕೆ ಅದರ ಅಗತ್ಯವಿಲ್ಲವೆಂದು ಕಂಪನಿಯವರು ಅದನ್ನೂ ಬಿಟ್ಟರು. ಭಾವ ಅಂದು ಎಲ್ಲರಿಗೂ ಸಿಹಿ ತಂದರು.

ಮುಂದಿನ ರಜೆಯ ದಿನಗಳಲ್ಲೊಂದು ಮಧ್ಯಾಹ್ನ. ಮರಿ ಊಟಕ್ಕೆ ಕೂತಿದ್ದ, ಅಕ್ಕ ಬಡಿಸುತ್ತಿದ್ದಳು.

"ಅಣ್ಣ, ನಿನ್ನ ಕಾಗದ ನಮ್ಮ ಡಿಪೋಗೆ ಬಂತು ಕಣೋ" ಎಂದ ಮರಿ. ಮುಖವೆಲ್ಲ ಹಿಗ್ಗು. "ನಮ್ಮಣ್ಣ ಬರೆದಿದ್ದು ಅಂತ ಎಲ್ರಿಗೂ ಹೇಳ್ದೆ. ಅಷ್ಟೇ ನೋಡು, ಇಡೀ ಡಿಪೋ ನನ್ನ ಸುತ್ತ. ಏನು ಕೇಳಿದ್ದಾರೆ, ಅರ್ಥ ಹೇಳು ಅಂತ."

"ಏನು ಹೇಳ್ದೆ?" ಭಾವನ ಕೈ ತುತ್ತಿನಲ್ಲೇ ನಿಂತಿತ್ತು.

"ಏನು ಹೇಳ್ಲಿ? ನನಗೇ ಕಬ್ಬಿಣದ ಕಡಲೆ. ಗೊತ್ತಾಗಲ್ಲ ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕು? ಇವೆಲ್ಲ ದೊಡ್ಡದೊಡ್ಡ ಕಾಯಿಲೆ ಹೆಸರು ಕಣ್ರೋ, ನಮಗ್ಯಾರಿಗೂ ಇರಲ್ಲ, ಇಲ್ಲ ಅಂತ ಹಾಕಿ ಕೊಟ್ಬಿಡಿ ಅಂದೆ. ಎಲ್ರೂ ಹಾಗೇ ಮಾಡಿದ್ರು."

"ನೀನು?"

"ನಾನು ಹೇಳಿದ ಮೇಲೆ ನಾನೇ ಹೌದು ಅನ್ನಕ್ಕಾಗುತ್ತಾ? ಎಲ್ಲದಕ್ಕೂ ಇಲ್ಲ ಅಂದೆ. ಪೂರ್ತಿ ಫಿಟ್ ಅಂತ ಬರೆದಿದ್ದಾರೆ, ಮೂರು ವರ್ಷ ಯಾರೂ ಏನೂ ಕೇಳೋ ಹಾಗಿಲ್ಲ."

ಅಕ್ಕ ಹುಳಿಯ ಸೌಟು ಹಿಡಿದು ನಿಂತಿದ್ದಳು. ಭಾವ, "ಮರಿ, ಅದರಲ್ಲಿ ಕೇಳಿದ್ದು ನಿನ್ನ ನಿದ್ದೆ ವಿಷಯ ಕಣೋ. ಬಸ್ ಓಡಿಸುವಾಗ ತೂಕಡಿಕೆ ಬರುತ್ತಾ ಅಂತ ಕೇಳಿದ್ದು" ಎಂದರು. "ಹೌದಾ? ಹಾಗಂತ ಎಲ್ಲಿತ್ತು?" ಎಂದ ಮರಿ. ಕೈ ತೊಳೆದು ಬಂದವನು ಗೋಡೆಗೆ ಒರಗಿ, ಅಣ್ಣ ಇನ್ನೂ ಏನೋ ವಿವರಿಸುತ್ತಿರುವಾಗಲೇ ನಿದ್ದೆಹೋದ.

ಮಾರನೆಯ ದಿನವೇ ಭಾವ ಕಂಪನಿಗೆ ಹೊರಟರು. ಒಬ್ಬರನ್ನೇ ಬಿಟ್ಟರೆ ಮಾತು ಗಂಟಲಲ್ಲೇ ಉಳಿಯುತ್ತದೆಂದು ನಾನು ರಜೆ ಹಾಕಿ ಜೊತೆಗೆ ಹೋದೆ. ಅಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ನೀರು ಕೊಟ್ಟು ಕೂರಿಸಿದರು. ಪ್ರಶ್ನಾವಳಿ ವಾಪಸು ತೆಗೆದುಕೊಳ್ಳಿ, ಬೇರೆ ಬರೆದುಕೊಡುತ್ತೇನೆ ಎಂದರು ಭಾವ.

"ಏನು ತಪ್ಪಿದೆ ಸರ್ ಅದರಲ್ಲಿ?"

"ಓದಿದೋರಿಗೆ ಅರ್ಥ ಆಗ್ತಿಲ್ಲ."

"ವಾಪಸು ಮಾಡಿದೋರಿಗೆ ಆಗಿದೆಯಲ್ಲ. ಇಷ್ಟು ಚೆನ್ನಾಗಿ ಬಂದಿದ್ದು ನಮ್ಮಲ್ಲಿ ಇನ್ನೊಂದಿಲ್ಲ."

ಭಾವ ನನ್ನನ್ನು ನೋಡಿದರು. ಆಮೇಲೆ ಮೇಜು ನೋಡುತ್ತಾ, "ವಾಪಸು ಮಾಡಿದ್ದು ನನ್ನ ಹೆಂಡತಿ" ಎಂದರು.

ಇದನ್ನು ಹೇಳಿದರೆ ಇಬ್ಬರ ಅನ್ನಕ್ಕೂ ಕಲ್ಲು ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಹಿಂದಿನ ದಿನ ಗಂಡ ಹೆಂಡತಿ ಕೂತು ಮಾತಾಡಿಕೊಂಡೇ ಬಂದದ್ದು. ಮರಿ ಉಳಿದರೆ ಸಾಕು ಎಂದಿದ್ದಳು ಅಕ್ಕ. ಮೇಲ್ವಿಚಾರಕಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಿಯಮದ ಪ್ರಕಾರ ಇಬ್ಬರ ಹೆಸರನ್ನೂ ತೆಗೆಯಬೇಕಾಗುತ್ತದೆ, ಪ್ರಶ್ನಾವಳಿಯನ್ನು ಸಂಬಂಧವಿಲ್ಲದ ಬೇರೊಬ್ಬರ ಕೈಯಲ್ಲಿ ಮತ್ತೆ ವಾಪಸು ಮಾಡಿಸಿ ನೋಡುತ್ತೇವೆ, ತಪ್ಪು ಕಂಡರೆ ಖಂಡಿತ ಹಿಂದಕ್ಕೆ ಪಡೆಯುತ್ತೇವೆ ಎಂದರು. ಅಷ್ಟಾದರೂ ಆಯಿತಲ್ಲ ಎಂದು ನಾವು ಮೆಟ್ಟಿಲಿಳಿದೆವು. ಯಾರೋ ಅಪರಿಚಿತ ಅದನ್ನು ಓದಿ ತಲೆಕೆರೆದುಕೊಂಡು ಕೆಂಪು ಗೆರೆ ಎಳೆಸಿಕೊಳ್ಳಲಿ ಎಂದು ಭಾವ ದಾರಿಯುದ್ದಕ್ಕೂ ಹಾರೈಸುತ್ತಿದ್ದರು. ತನ್ನ ಬರಹ ಕೆಟ್ಟದೆಂದು ಸಾಬೀತಾಗಲಿ ಎಂದು ಹಂಬಲಿಸಿದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಕಂಪನಿಯಿಂದ ಉತ್ತರ ಬಂತು. ಹೊಸಬರು ಮಾಡಿದ್ದೂ ಅಕ್ಷರಕ್ಕೆ ಅಕ್ಷರ ಮೂಲದ ಹಾಗೇ ಇತ್ತು. ಇರದೆ ಏನು? ಆ ಹೊಸಬರ ಮೇಜಿನ ಮೇಲೂ ಭಾವನ ಪದಕೋಶವೇ ಇತ್ತು. ತಿಳಿಯದ ಪದ ಬಂದಾಗಲೆಲ್ಲ ಅದನ್ನು ತೆರೆದರು, ಅದರ ಮುಂದೆ ಭಾವ ಬರೆದಿಟ್ಟದ್ದನ್ನು ನೋಡಿ ಇಳಿಸಿದರು. ನಿಮ್ಮ ಅನುವಾದದಲ್ಲಿ ಯಾವ ದೋಷವೂ ಇಲ್ಲವೆಂದು ತಿಳಿಸಲು ಸಂತೋಷವಾಗುತ್ತದೆ ಎಂದು ಬರೆದು, ಅದೇ ಕಾಗದದಲ್ಲಿ ಇಬ್ಬರನ್ನೂ ಕೆಲಸದಿಂದ ತೆಗೆದಿದ್ದರು. ನನಗೆ ಬಂದ ಸಿಟ್ಟಿಗೆ ಆ ಕಾಗದವನ್ನು ಹರಿದು ಒಲೆಗೆ ಹಾಕಿದೆ.

ಭಾವ ಡಿಪೋಗೆ ಹೋದರು. ಅಲ್ಲಿನ ಅಧಿಕಾರಿ, "ಬರೆದದ್ದು ಸುಳ್ಳು ಅಂತ ಅವನೇ ಬರೆದುಕೊಡ್ಲಿ, ಬೇರೆ ಕಾಗದ ಕೊಡ್ತೀನಿ. ಆದ್ರೆ ಸುಳ್ಳು ಬರೆದೋನನ್ನ ಬಸ್ ಮೇಲೆ ಕೂರಿಸಕ್ಕಾಗಲ್ಲ, ಅದೂ ನಿಯಮ" ಎಂದರು. ಮರಿ ಒಪ್ಪಲಿಲ್ಲ. ನಿಮ್ಮಿಬ್ಬರ ಕೆಲಸವೂ ಹೋಗಿದೆ, ಇವಳ ಸಂಬಳ ಇವಳಿಗೇ ಸಾಲದು, ಈಗ ನಾನೊಬ್ಬ ದುಡಿಯೋನು, ನಾನೂ ಮನೇಲಿ ಕೂತ್ರೆ ಎಲ್ರೂ ಗಾಳಿ ಕುಡಿಯೋದಾ ಎಂದ. ಉಳಿಸಲು ಹೋಗಿ ಅವನನ್ನು ಇನ್ನೂ ಬಿಗಿಯಾಗಿ ಆ ಬಸ್ಸಿಗೆ ಕಟ್ಟಿ ಬಂದಿದ್ದೆವು.

ಆಮೇಲೆ ಭಾವ ಹುಚ್ಚರ ಹಾಗೆ ಡಿಪೋದ ಗೇಟಿನಲ್ಲಿ ನಿಲ್ಲತೊಡಗಿದರು. ಪಾಳಿ ಮುಗಿಸಿ ಬರುವ ಚಾಲಕರನ್ನು ತಡೆದು, "ಸ್ಟಿಯರಿಂಗ್ ಹಿಡಿದಾಗ ಕಣ್ಣು ಎಳೆಯುತ್ತಾ? ತೂಕಡಿಕೆ ಬರುತ್ತಾ?" ಎಂದು ಕೇಳುತ್ತಿದ್ದರು. ಕೊನೆಗೂ ಬಾಯಲ್ಲಿ ಸರಳ ಮಾತು ಬಂದಿತ್ತು. ಹತ್ತು ಜನ ಒಟ್ಟಾಗಿ ಹೌದು ಎಂದರೆ ಮಂಡಳಿಯವರು ಕೇಳಬಹುದೆಂದು ಅವರ ಆಸೆ. ಕೆಲಸ ಹೋಗುತ್ತದೆಂಬ ಹೆದರಿಕೆಯಿದ್ದವರು ಗುರುತಿಲ್ಲದವನ ಮುಂದೆ ಹೌದು ಎನ್ನುತ್ತಾರೆಯೇ? "ಯಾರ ಕಡೆಯವರು ನೀವು?" ಎಂದು ಒಬ್ಬ ಗದರಿಸಿ, ಕುತ್ತಿಗೆಯ ಹತ್ತಿರ ಅಂಗಿ ಹಿಡಿದು ರಸ್ತೆಗೆ ತಂದು ಬಿಟ್ಟ. ಅಂಗಿಯ ಗುಂಡಿ ಕಿತ್ತುಹೋಗಿತ್ತು, ಅಕ್ಕ ಹೊಲಿದು ಕೊಟ್ಟಳು.

ಮರಿಯ ಬಸ್ಸು ಒಂದು ಮುಂಜಾನೆ ಮಾರ್ಕೆಟ್ ಬೀದಿಯಲ್ಲಿ ಫುಟ್‌ಪಾತ್ ಹತ್ತಿ, ಮುಚ್ಚಿದ್ದ ಅಂಗಡಿಯ ಬಾಗಿಲಿಗೆ ನುಗ್ಗಿತು. ಬೆಳಕು ಚೆನ್ನಾಗಿ ಹರಿದಿತ್ತು, ರಸ್ತೆ ಖಾಲಿಯಿತ್ತು. ಬೀದಿ ಗುಡಿಸುವ ಹೆಂಗಸೊಬ್ಬಳು ಅಲ್ಲಿ ಕಸ ಒಟ್ಟುಮಾಡುತ್ತಿದ್ದಳು. ಅವಳು ಅಲ್ಲೇ ಹೋದಳು. ಮರಿಗೆ ಹೆಗಲಿನ ಮೂಳೆ ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಇಲ್ಲಿಯವರೆಗೆ ನಮ್ಮ ಮನೆಯ ಗೋಳನ್ನೇ ಹೇಳಿದೆ, ಆದರೆ ಸತ್ತವಳು ಅವಳು. ಅವಳಿಗೆ ನಮ್ಮ ಭಾವನ ಪದವೂ ಗೊತ್ತಿರಲಿಲ್ಲ, ಮರಿಯ ನಿದ್ದೆಯೂ ಗೊತ್ತಿರಲಿಲ್ಲ. ತನ್ನ ಪಾಡಿಗೆ ತಾನು ಪೊರಕೆ ಹಿಡಿದು ಕೆಲಸ ಮಾಡುತ್ತಿದ್ದಳು.

ಮರಿಯನ್ನು ಆಸ್ಪತ್ರೆಯಿಂದ ನೇರವಾಗಿ ಲಾಕಪ್ಪಿಗೆ ಒಯ್ದರು. ನಿದ್ದೆ ಬರುತ್ತದೆಂದು ಗೊತ್ತಿದ್ದೂ ಇಲ್ಲವೆಂದು ಬರೆದುಕೊಟ್ಟು ಬಸ್ಸು ಓಡಿಸಿದ ಎಂಬುದು ಅವನ ಮೇಲಿನ ದೊಡ್ಡ ಆರೋಪ. ಹಾಗಾದರೆ ಅದು ಬರೀ ಅಪಘಾತವಲ್ಲ, ತಿಳಿದೂ ಮಾಡಿದ್ದು.

ವಕೀಲರು ಭಾವನಿಗೆ ಹೇಳಿದರು: "ಪ್ರಶ್ನೆ ಅವನಿಗೆ ಅರ್ಥ ಆಗಿರಲಿಲ್ಲ ಅಂತ ತೋರಿಸ್ಬೇಕು. ಬರೆದವರು ನೀವೇ, ಜೊತೆಗೆ ಅಣ್ಣ. ನಿಮ್ಮ ಮಾತು ನಡೆಯಲ್ಲ. ಆದ್ರೆ ಮೊದಲು ವಾಪಸು ಮಾಡಿದವರು, ಅದು ಅರ್ಥವೇ ಆಗೋ ಹಾಗಿಲ್ಲ ಅಂದ್ರೆ ಒಂದು ಮಾತು."

ವಾಪಸು ಮಾಡಿದವಳು ಅಕ್ಕ. ಭಾವ ಮನೆಗೆ ಬಂದು ವಕೀಲರು ಹೇಳಿದ್ದನ್ನು ಹೇಳಿದರು, ಹೀಗೆ ಹೇಳು ಎಂದು ಕೇಳಲಿಲ್ಲ. ಅಕ್ಕ ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

ವಿಚಾರಣೆ ಮಂಡಳಿಯ ಕಟ್ಟಡದ ಮಾಳಿಗೆಯಲ್ಲಿ. ಉದ್ದನೆಯ ಮೇಜು, ಹಿಂದೆ ಬಣ್ಣ ಮಾಸಿದ ಪರದೆ, ಗೋಡೆಯುದ್ದಕ್ಕೂ ಕಬ್ಬಿಣದ ಕುರ್ಚಿಗಳು. ಒಂದರಲ್ಲಿ ಸತ್ತವಳ ಗಂಡ ಎರಡು ಕೈಯನ್ನೂ ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದ. ಮರಿ ಪೊಲೀಸರ ಪಕ್ಕದಲ್ಲಿ, ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ತೋಳು. ಅಧಿಕಾರಿ ಅಕ್ಕನ ಮುಂದೆ ಪ್ರಶ್ನಾವಳಿ ಇಟ್ಟರು.

"ಇದನ್ನ ಓದಿದಾಗ ನಿಮಗೆ ಅರ್ಥ ಆಯ್ತೋ ಇಲ್ವೋ?"

"ಇಲ್ಲ" ಎಂದಳು ಅಕ್ಕ.

"ಹಾಗಿದ್ರೆ ಅಷ್ಟು ಸರಿಯಾಗಿ ವಾಪಸು ಹೇಗೆ ಮಾಡಿದ್ರಿ?"

"ಊಹೆ ಮಾಡಿದೆ. ಇಷ್ಟು ವರ್ಷ ಇವರ ಜೊತೆ ಸಂಸಾರ ಮಾಡಿದೀನಿ, ಏನು ಹೇಳಕ್ಕೆ ಹೊರಟಿದ್ದಾರೆ ಅಂತ ಅಂದಾಜು ಸಿಗುತ್ತೆ. ಇವರು ಕಟ್ಟೋ ಪದ ನನಗೆ ಯಾವತ್ತೂ ಅರ್ಥ ಆಗಿದ್ದಿಲ್ಲ."

"ಮದುವೆಗೆ ಮುಂಚೆಯೂ ಇವರ ಕಾಗದ ನೀವೇ ವಾಪಸು ಮಾಡ್ತಿದ್ರಿ ಅಂತ ಇದೆ. ಆಗ?"

ಅಕ್ಕ ಪ್ರಶ್ನಾವಳಿಯನ್ನು ಅಧಿಕಾರಿಯ ಕಡೆಗೆ ಸರಿಸಿದಳು. "ಆಗಲೂ ಊಹೆನೇ" ಎಂದಳು.

ನಾನು ಭಾವನ ಪಕ್ಕದಲ್ಲಿದ್ದೆ. ಅವರು ನೆಟ್ಟಗೆ ಕೂತು, ಚೆನ್ನಾಗಿ ಹೇಳಿದೆ ಎನ್ನುವಂತೆ ತಲೆಯಾಡಿಸುತ್ತಿದ್ದರು. ತಮ್ಮ ಉಳಿಯುತ್ತಾನೆಂದು ಅವರಿಗೆ ಆಸೆ. ಆದರೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳುಗಳು ಬಿಳಿಚಿಕೊಂಡಿದ್ದವು. ಅಯ್ಯೋ ಅನ್ನಿಸಿತು ನನಗೆ. ಆ ಮನುಷ್ಯನಿಗೆ ಜಗತ್ತಿನಲ್ಲಿ ಇದ್ದದ್ದು ತನ್ನ ಮಾತು ಹೆಂಡತಿಗೆ ತಿಳಿಯುತ್ತದೆ ಎಂಬ ಅದೊಂದೇ ಹೆಮ್ಮೆ, ಅದನ್ನು ಅಷ್ಟು ಜನರ ಎದುರಿಗೆ ಕೊಟ್ಟುಬಿಟ್ಟಿದ್ದರು.

ಅಧಿಕಾರಿ ಕಡತ ತಿರುವಿದರು. "ಆಮೇಲೆ ವಾಪಸು ಮಾಡಿದವರು ನಿಮ್ಮ ಸಂಬಂಧಿಕರಲ್ಲ. ಅವರಿಗೆ ಅರ್ಥ ಆಗಿದೆಯಲ್ಲಮ್ಮ."

"ಅವರು ಇವರದ್ದೇ ಪದಕೋಶ ನೋಡಿ ಮಾಡಿದ್ದು ಸ್ವಾಮಿ!"

"ಪದಕೋಶದಲ್ಲಿದೆ ಅಂದ ಮೇಲೆ ಭಾಷೆಯಲ್ಲಿದೆ ಅಂತ ತಾನೇ?" ಎಂದರು ಅಧಿಕಾರಿ. ಪಾಪ, ಅವರ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವರಿಗೆ, ಚಾಲಕನು ಪ್ರಶ್ನೆಯನ್ನು ತಿಳಿದೇ ಉತ್ತರಿಸಿದ್ದಾನೆ ಎಂದು ಬರೆಸಿದರು. ಸತ್ತವಳ ಗಂಡ ಪಕ್ಕದವರನ್ನು, ಮುಗೀತಾ, ನಾನು ಹೋಗಬಹುದಾ ಎಂದು ಕೇಳಿ ಎದ್ದುಹೋದ.

ಅವರು ಬರೆಸಿದ್ದೇ ಕೋರ್ಟಿಗೆ ಹೋಗಿ ಮರಿಗೆ ಜೈಲುಶಿಕ್ಷೆಯಾಯಿತು. ಭೇಟಿಗೆ ಹೋದಾಗ ಜಾಲರಿಯ ಆಚೆ ನಿಂತು, "ಇಲ್ಲೂ ಬೆಳಗಿನ ಜಾವಕ್ಕೇ ಎಬ್ಬಿಸ್ತಾರೆ ಅತ್ತಿಗೆ" ಎಂದು ನಗಲು ನೋಡಿದ. ಅವನು ಅಣ್ಣನನ್ನು ಒಂದು ಮಾತೂ ಅಂದಿಲ್ಲ. ಪ್ರಶ್ನಾವಳಿ ಈಗ ಬೇರೆ ಊರುಗಳ ಡಿಪೋಗಳಿಗೂ ಹೋಗಿದೆ, ಅಲ್ಲೂ ಎಲ್ಲರೂ ಫಿಟ್ ಅಂತೆ.

ಕಳೆದ ವಾರ ಅಕ್ಕನ ಜೊತೆ ಪಾತ್ರೆ ತೊಳೆಯುತ್ತಿದ್ದೆ. ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ಅಕ್ಕ, ಅವತ್ತು ಹೇಳಿದ್ದು ಮರಿಗೋಸ್ಕರ ತಾನೇ? ಭಾವ ಬರೀತಿದ್ದದ್ದು ನಿನಗೆ ಅರ್ಥ ಆಗ್ತಿತ್ತು ತಾನೇ?"

ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ಸುಳ್ಳು ಹೇಳ್ಬೇಕು ಅಂತಲೇ ಹೋಗಿದ್ದೆ ಕಣೇ" ಎಂದಳು. "ಹೇಳಿದ ಮೇಲೆ ನಿಜ ಅನ್ನಿಸ್ತು."

ಹಿಂದೆ ಏನೋ ಸದ್ದಾಯಿತು. ಭಾವ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ನಮಗೆ ಗೊತ್ತಿಲ್ಲ. ನೀರು ಕುಡಿಯಕ್ಕೆ ಒಂದು ಲೋಟ ಬೇಕಿತ್ತು ಎಂದರು. ಅಕ್ಕ ಲೋಟ ತೊಳೆದು, ಸೆರಗಿನಿಂದ ಒರೆಸಿ, ಅವರ ಮುಖ ನೋಡದೆ ಕೈಗೆ ಕೊಟ್ಟಳು.